ಮೂರೂವರೆ ತಿಂಗಳು ಮುಳುಗಿಯೂ ಸಾಯದ ಹುಳು

ಅಡಿಕೆ ತೋಟದಲ್ಲಿ ನೀರು ಕಟ್ಟಿ ನಿಲ್ಲಿಸಿದರೆ ಬೇರು ತಿನ್ನುವ ಗೊಣ್ಣೆಹುಳು ಉಸಿರುಗಟ್ಟಿ ಸಾಯುವುದಿಲ್ಲವೇ ಎಂದು ರೈತರು ಆಗಾಗ ನನ್ನನ್ನು ಕೇಳುತ್ತಾರೆ. ಉತ್ತರ ಹೇಳುವ ಮೊದಲು ನನ್ನ ಮನಸ್ಸು ಒಂದು ಗಳಿಗೆ ಬ್ರೆಜಿಲ್‌ಗೆ ಹೋಗಿ ಬರುತ್ತದೆ. ಮನೌಸ್ ನಗರದ ಸುತ್ತಮುತ್ತ ಅಮೆಜಾನ್ ನದಿಯ ನೀರು ವರ್ಷಕ್ಕೊಮ್ಮೆ ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ಹಾಗೆ ಮುಳುಗುವ ದಂಡೆಯ ಮಣ್ಣಿನಲ್ಲೇ ಫಿಯೋಕ್ಸಾಂಥಾ ಕ್ಲುಗಿ ಎಂಬ ಹುಲಿ ಜೀರುಂಡೆ ಮನೆ ಮಾಡಿಕೊಂಡಿದೆ.

ಹುಲಿ ಜೀರುಂಡೆ ಎಂದರೆ ಬಿಸಿಲಿನಲ್ಲಿ ಮಿಂಚುತ್ತ ಓಡುವ ಬಣ್ಣದ ಕೀಟ ಎಂದುಕೊಂಡವರಿಗೆ ಇದು ನಿರಾಸೆ ತಂದೀತು. ಇದು ಇರುಳಿನ ಬೇಟೆಗಾರ. ಹಗಲೆಲ್ಲ ಮಣ್ಣಿನಡಿ ಅಡಗಿರುತ್ತದೆ. ನನಗಂತೂ ಪ್ರೌಢ ಜೀರುಂಡೆಗಿಂತ ಮರಿಹುಳುವೇ ಹೆಚ್ಚು ಇಷ್ಟ. ನೆಟ್ಟಗೆ ಕೊರೆದ ಬಿಲದ ಬಾಯಿಗೆ ತನ್ನ ಚಪ್ಪಟೆ ತಲೆಯನ್ನೇ ಮುಚ್ಚಳವಾಗಿಟ್ಟು ಕಾಯುತ್ತದೆ. ಇರುವೆಯೋ ಮತ್ತೊಂದೋ ಹತ್ತಿರ ಸುಳಿದರೆ ಮೈಯನ್ನು ಹಿಂದಕ್ಕೆ ಚಿಮ್ಮಿ ದವಡೆಯಲ್ಲಿ ಕಚ್ಚಿ ಒಳಗೆಳೆಯುತ್ತದೆ. ಬೇಟೆ ತಿರುಗಿ ಎಳೆದರೂ ಹುಳು ಹೊರಬೀಳುವುದಿಲ್ಲ. ಬೆನ್ನಿನ ಗೂನಿನ ಮೇಲಿರುವ ಕೊಕ್ಕೆಗಳು ಬಿಲದ ಗೋಡೆಯನ್ನು ಹಿಡಿದಿರುತ್ತವೆ.

ನದಿ ಏರಿದಾಗ ಈ ಹುಳು ಎಲ್ಲಿಗೂ ಓಡುವುದಿಲ್ಲ. ಮಣ್ಣಿನೊಳಗೇ ಮುಳುಗಿ ಮೂರೂವರೆ ತಿಂಗಳವರೆಗೂ ಬದುಕಿರಬಲ್ಲದು. ನೀರು ನಿಂತ ಮಣ್ಣಿನಲ್ಲಿ ಕೊಳೆಯುವ ಎಲೆ, ಕಸ ಮತ್ತು ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬೇಗನೆ ಮುಗಿಸಿಬಿಡುತ್ತವೆ. ಈ ಹುಳು ಅದನ್ನು ಹೇಗೆ ತಾಳಿಕೊಳ್ಳುತ್ತದೆಂದು ಮತ್ತಿಯಾಸ್ ಜೆರ್ಮ್ ಮತ್ತು ಯೋಆಖಿಮ್ ಆಡಿಸ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದರು. ಆಮ್ಲಜನಕವೇ ಇಲ್ಲದ ಸ್ಥಿತಿಯನ್ನು ಈ ಹುಳು ಅಸಾಧಾರಣವಾಗಿ ಸಹಿಸುತ್ತದೆಂದು 2003ರಲ್ಲಿ ಪ್ರಕಟಿಸಿದರು. ಇದು ಮೀನಿನಂತೆ ನೀರಿನಲ್ಲಿ ಉಸಿರಾಡುವ ಚಮತ್ಕಾರವಲ್ಲ, ಖರ್ಚು ಕಡಿಮೆ ಮಾಡುವ ಜಾಣತನ. ದೇಹದ ಒಲೆಯನ್ನು ಆರಿಸದೆ, ಕೆಂಡದ ಮೇಲೆ ಬೂದಿ ಮುಚ್ಚಿಟ್ಟಂತೆ.

ಅದೇ ಪ್ರದೇಶದ ಇನ್ನೊಂದು ಹುಲಿ ಜೀರುಂಡೆ ಪೆಂಟಕೋಮಿಯಾ ಎಗ್ರೀಜಿಯಾ. ಇದಕ್ಕೆ ಆ ತಾಳ್ಮೆಯಿಲ್ಲ. ನೀರು ಬರುವ ಹೊತ್ತಿಗೆ ರೆಕ್ಕೆ ಬಲಿತು ಮುಳುಗದ ಕಾಡಿಗೆ ಹಾರಿಹೋಗುತ್ತದೆ. ನೆಲ ಮತ್ತೆ ಕಾಣುವವರೆಗೆ ಮೊಟ್ಟೆಯಿಡುವ ಕೆಲಸವನ್ನು ಮುಂದೂಡುತ್ತದೆ.

ಇನ್ನು ಗೊಣ್ಣೆಹುಳು. ಅದು ಅಮೆಜಾನ್ ದಂಡೆಯಲ್ಲಿ ಪಳಗಿದ್ದಲ್ಲ, ನೀರು ನಿಂತರೆ ಒಂದಷ್ಟು ಸಾಯುತ್ತವೆ. ಆದರೆ ಹುಳು ಸಾಯುವಷ್ಟು ದಿನ ನೀರು ಕಟ್ಟಿ ನಿಲ್ಲಿಸಿದರೆ ಅಡಿಕೆಯ ಬೇರಿನ ಗತಿಯೇನು ಎಂದು ನಾನು ರೈತರನ್ನೇ ತಿರುಗಿ ಕೇಳುತ್ತೇನೆ.