ಒಬ್ಬರೇ ಮೂವರನ್ನು ಔಟ್ ಮಾಡಿದ ವಾಂಬಿ ಆಮೇಲೆ ಏನಾದರು?

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಒಬ್ಬ ಫೀಲ್ಡರ್ ಒಂದೇ ಎಸೆತಕ್ಕೆ ಮೂವರನ್ನು ಔಟ್ ಮಾಡಿದ್ದರಂತೆ. ಅದು ಹೇಗೆ ಸಾಧ್ಯ? ಆಮೇಲೆ ಅವರು ಏನಾದರು?

ಉತ್ತರ: ಕ್ರಿಕೆಟ್ ನೋಡಿ ಬೆಳೆದ ನಮಗೆ ಇದನ್ನು ನಂಬೋದು ಕಷ್ಟ, ಅಲ್ವಾ? ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದರೆ ಆ ಚೆಂಡಿನ ಕತೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಮುಗಿಯುವುದಿಲ್ಲ. ಓಟಗಾರರು ಒಂದೊಂದಾಗಿ ಮುಟ್ಟುತ್ತಾ ಸಾಗಬೇಕಾದ, ಮೈದಾನದ ನಾಲ್ಕು ಮೂಲೆಗಳ ಗುರುತುಗಳೇ ಬೇಸ್. ಕ್ಯಾಚ್ ಆದಾಗ ಬೇಸ್ ಬಿಟ್ಟು ಓಡಿದವರು ವಾಪಸ್ ಬಂದು ತಮ್ಮ ಬೇಸ್ ಮುಟ್ಟಲೇಬೇಕು. ಅಷ್ಟರಲ್ಲಿ ಚೆಂಡು ಹಿಡಿದವರು ಆ ಬೇಸ್ ತುಳಿದರೆ, ಇಲ್ಲವೇ ಓಟಗಾರನಿಗೆ ಚೆಂಡು ಮುಟ್ಟಿಸಿದರೆ, ಅವರೂ ಔಟ್.

1920ರ ಅಕ್ಟೋಬರ್ 10, ಅಮೆರಿಕದ ಕ್ಲೀವ್‌ಲ್ಯಾಂಡ್. ಅಲ್ಲಿನ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ. ಎದುರಾಳಿ ಬ್ರೂಕ್ಲಿನ್. ಎರಡನೇ ಬೇಸ್‌ನಲ್ಲಿ ಪೀಟ್ ಕಿಲ್ಡಫ್, ಮೊದಲನೆಯದರಲ್ಲಿ ಒಟ್ಟೊ ಮಿಲ್ಲರ್. ಕ್ಲಾರೆನ್ಸ್ ಮಿಚೆಲ್ ಬಲವಾಗಿ ಬಾರಿಸಿದರು. ಇಬ್ಬರೂ ಓಟ ಕಿತ್ತರು. ಎರಡನೇ ಬೇಸ್ ಬಳಿ ಫೀಲ್ಡ್ ಮಾಡುತ್ತಿದ್ದ ಕ್ಲೀವ್‌ಲ್ಯಾಂಡ್‌ನ ಬಿಲ್ ವಾಂಬ್ಸ್‌ಗನ್ಸ್, ಅಂದರೆ ನಮ್ಮ ವಾಂಬಿ, ಎಗರಿ ಚೆಂಡು ಹಿಡಿದರು. ಮಿಚೆಲ್ ಔಟ್. ಅದೇ ಓಘದಲ್ಲಿ ಎರಡನೇ ಬೇಸ್ ತುಳಿದರು. ಕಿಲ್ಡಫ್ ಔಟ್. ತಿರುಗಿ ನೋಡಿದರೆ, ಮಿಲ್ಲರ್ ಏನಾಯಿತೆಂದೇ ತಿಳಿಯದೆ ಎದುರಿಗೇ ನಿಂತಿದ್ದಾರೆ! ಮೆಲ್ಲಗೆ ಚೆಂಡು ಮುಟ್ಟಿಸಿದರು. ಮೈದಾನವೆಲ್ಲ ಒಂದು ಕ್ಷಣ ಸ್ತಬ್ಧ. ಆಮೇಲೆ ಹರ್ಷೋದ್ಗಾರ. ವರ್ಲ್ಡ್ ಸೀರೀಸ್‌ನಲ್ಲಿ ಇವತ್ತಿಗೂ ಬೇರೆ ಯಾರೂ ಇದನ್ನು ಮಾಡಿಲ್ಲ.

ನನಗೆ ಮನಸ್ಸಿಗೆ ತಟ್ಟುವುದು ಬೇರೆಯೇ. ವಾಂಬಿ ಪಕ್ಕದಲ್ಲೇ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್, ಆಗಿ ಆಡುತ್ತಿದ್ದ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಆ ದುಃಖ ಹೊತ್ತುಕೊಂಡೇ ತಂಡ ಆಡಿತು, ಸೀರೀಸನ್ನೂ ಗೆದ್ದಿತು.

ವಾಂಬಿ ಪಾದ್ರಿಯ ಮಗ. ತಾವೂ ಪಾದ್ರಿಯಾಗಲು ಓದುತ್ತಿದ್ದವರು. ಮಾತು ತೊದಲುತ್ತಿದ್ದುದರಿಂದ ನಿಂತು ಉಪದೇಶ ಮಾಡೋದು ಅವರಿಗೆ ಕಷ್ಟ. 1914ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸೇರಿದರು. ಕೊನೆಗೆ ಬಾಸ್ಟನ್, ಫಿಲಡೆಲ್ಫಿಯಾ ತಂಡಗಳಲ್ಲೂ ಆಡಿ 1926ರಲ್ಲಿ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್ ಬಿಟ್ಟರು. ಬ್ಯಾಟಿಂಗ್ ಸರಾಸರಿ .259, ಅಂದರೆ ಬ್ಯಾಟ್ ಹಿಡಿದ ನಾಲ್ಕು ಬಾರಿಗೆ ಸುಮಾರು ಒಂದು ಹಿಟ್. ದೊಡ್ಡದೇನಲ್ಲ. ಆದರೆ 13 ವರ್ಷ ಆ ಮಟ್ಟದಲ್ಲಿ ಉಳಿಯೋದು ಸುಮ್ನೆ ಆಗುವ ಮಾತಲ್ಲ.

ಆಮೇಲೆ ಮೈನರ್ ಲೀಗ್, ಅಂದರೆ ಕೆಳಹಂತದ ವೃತ್ತಿಪರ ಲೀಗ್. ಅಲ್ಲಿ ತಂಡದ ಮ್ಯಾನೇಜರ್ ಎಂದರೆ ಕೋಚ್ ಇದ್ದ ಹಾಗೆ. ಯಾರು ಆಡಬೇಕು, ಯಾವಾಗ ಓಡಬೇಕು, ಎಲ್ಲ ಅವರದೇ ತೀರ್ಮಾನ. ಸ್ಪ್ರಿಂಗ್‌ಫೀಲ್ಡ್‌ನಲ್ಲೂ, ತಾವು ಬೆಳೆದ ಫೋರ್ಟ್ ವೇನ್‌ನಲ್ಲೂ ವಾಂಬಿ ಆ ಕೆಲಸ ಮಾಡಿದರು. 1945ರಿಂದ 1948ರವರೆಗೆ ಮಹಿಳೆಯರ ವೃತ್ತಿಪರ ಲೀಗ್‌ನಲ್ಲಿ ಮೊದಲು ಫೋರ್ಟ್ ವೇನ್ ಡೇಸೀಸ್, ಆಮೇಲೆ ಮಸ್ಕೀಗನ್ ಲ್ಯಾಸೀಸ್ ತಂಡಗಳನ್ನು ನಡೆಸಿದರು. ಜನ ಜಾಸ್ತಿ ಮಾತಾಡದ ಈ ವರ್ಷಗಳೇ ನನಗೆ ಹೆಚ್ಚು ಇಷ್ಟ. 1985ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಕಂಡವರೆಲ್ಲ ಕೇಳುತ್ತಿದ್ದದ್ದು ಮಾತ್ರ ಆ ಒಂದು ಕ್ಯಾಚ್‌ ಬಗ್ಗೆಯೇ.