ಫಾಲ್ಕನ್ ಮರಿಗೆ ಹಾರೂದು ತಾನಾಗೇ ಬರ್ತೈತಿ, ಮತ್ತ ಕೆಳಗ ಮಂದಿ ಯಾಕ ಕಾಯ್ತಾರ?

ಮೇ ತಿಂಗಳು ಬಂತಂದ್ರ ಈ ಪ್ರಶ್ನೆ ಹ್ಯಾಂಗರ ಮಾಡಿ ಬಂದ ಬರ್ತೈತಿ. ಈ ಸಲ ಧಾರವಾಡದಿಂದ ಒಬ್ರು ಹಿಂಗ ಕೇಳ್ಯಾರ: "ಅಮೆರಿಕಾದಾಗ ದೊಡ್ಡ ಬಿಲ್ಡಿಂಗ್ ಮ್ಯಾಲೆ ಇರೂ ಫಾಲ್ಕನ್ ಗೂಡಿನ ಲೈವ್ ಕ್ಯಾಮೆರಾ ದಿನಾ ನೋಡ್ತೀನ್ರಿ. ಮರಿ ಹಾರೂ ಹೊತ್ತಿಗೆ ಕೆಳಗ ರೋಡಿನ್ಯಾಗ ವಾಲಂಟಿಯರ್ಸ್ ದುರ್ಬೀನು ಹಿಡ್ಕೊಂಡು ಮುಂಜಾನಿಂದ ಸಂಜಿತನಕ ನಿಂತಿರ್ತಾರಂತ. ಹಕ್ಕಿ ಮರಿಗೆ ಹಾರೂದು ಯಾರರ ಕಲಿಸ್ಬೇಕೇನು? ಇವ್ರು ಅಲ್ಲಿ ನಿಂತು ಮಾಡೂದರ ಏನು?"

ಸಣ್ಣ ಉತ್ತರ ಮೊದ್ಲ ಹೇಳಿಬಿಡ್ತೀನಿ. ಹಾರೂದು ಯಾರೂ ಕಲಿಸ್ಬೇಕಾಗಿಲ್ಲ, ಆ ಮಂದಿ ಕಲಿಸಾಕ ನಿಂತೂ ಇಲ್ಲ. ಹಾರಿದ ಮರಿ ಎಲ್ಲಿ ಹೋಗಿ ಇಳೀತೈತಿ ಅನ್ನೂದರ ಮ್ಯಾಲೆ ಅವ್ರ ಕಣ್ಣು. ಆ ಕ್ಯಾಮೆರಾದಾಗ ಕಾಣೂದು ಪೆರೆಗ್ರಿನ್ ಫಾಲ್ಕನ್ ಅನ್ನೂ ಬೇಟಿ ಹಕ್ಕಿ, ಅದರ ಮರಿ ಮೊದಲ ದಿನ ಎತ್ತರದಾಗ ಎಲ್ಲೇ ಕುಂತ್ರೂ ಚಿಂತಿಲ್ಲ, ಆದ್ರ ರೋಡಿಗೆ ಇಳೀತಂದ್ರ ಅಲ್ಲಿಂದ ತಾನಾಗೇ ಮ್ಯಾಲೆ ಏಳಾಕ ಅದಕ್ಕ ಬಹಳ ಸಲ ಆಗಂಗಿಲ್ಲ. ಆ ಕಳದ ಎತ್ತರ ವಾಪಸ್ ಕೊಡೂದು, ಅಷ್ಟ ಅವ್ರ ಕೆಲಸ.

ಈಗ ಸ್ವಲ್ಪ ಬಿಡಿಸಿ ಹೇಳ್ತೀನಿ. ಪೆರೆಗ್ರಿನ್ ಕಡ್ಡಿ ತಂದು ಗೂಡು ಕಟ್ಟೂ ಹಕ್ಕಿ ಅಲ್ಲ. ಕಡಿದಾದ ಬಂಡೆಗಲ್ಲಿನ ಒಂದು ಅಂಚು ಹುಡುಕಿ, ಅಲ್ಲಿರೂ ಮಣ್ಣಿನ್ಯಾಗೋ ಗರಸಿನ್ಯಾಗೋ ಎದಿ ಒತ್ತಿ ಕಾಲಿಲೆ ಕೆರದು ಒಂದು ತಗ್ಗು ಮಾಡಿ ಅದರಾಗ ತತ್ತಿ ಇಡ್ತೈತಿ, ಸಾಮಾನ್ಯ ಮೂರೋ ನಾಕೋ. ಸಿಟಿಯಾಗಿನ ಎತ್ತರದ ಬಿಲ್ಡಿಂಗ್ ಅದರ ಕಣ್ಣಿಗೆ ಅಂಥಾದ್ದ ಒಂದು ಬಂಡೆ, ಮತ್ತ ಸುತ್ತಲೂ ಪಾರಿವಾಳ ಬೇಕಾದಷ್ಟು, ಹಂಗಾಗಿ ಜನ ಗರಸು ತುಂಬಿದ ಒಂದು ಕಟ್ಟಿಗಿ ಪೆಟ್ಟಿಗಿ ಮ್ಯಾಲಿನ ಅಂತಸ್ತಿನ ಅಂಚಿಗೆ ಇಟ್ಟುಕೊಟ್ರ ಬಂದು ಒಪ್ಕೊಂಡು ಕೂಡ್ತೈತಿ. ತಿಂಗಳೊಂದರ ಕಾವು, ಆಮ್ಯಾಲೆ ಬಿಳಿ ಹತ್ತಿ ಉಂಡಿ ಹಂಗಿನ ಮರಿಗಳು. ಮೂರು ವಾರಕ್ಕ ಅವುಗಳ ಕಾಲಿಗೆ ಗುರುತಿನ ಬಳಿ ಹಾಕ್ತಾರ, ಆರು ವಾರದ ಆಜೂಬಾಜೂ, ಅಂದ್ರ 38ರಿಂದ 45 ದಿನದೊಳಗ, ಮೊದಲ ಹಾರಾಟ. ಗಂಡು ಮರಿ ಹೆಣ್ಣಿಗಿಂತ ಸಣ್ಣದು, ಹಗುರ, ಅದಕ್ಕ ಅವು ಎರಡ್ಮೂರು ದಿನ ಮೊದ್ಲ ಹೊಂಡ್ತಾವ.

ಈ ಹೊರಡೂ ಮುಂಚಿನ ಒಂದು ವಾರ ಐತೆಲ್ಲಾ, ಅದನ್ನ ನೋಡ್ಬೇಕ್ರಿ. ಮರಿ ಅಂಚಿಗೆ ಬಂದು ಗಾಳಿಗೆ ಮುಖ ಮಾಡಿ ನಿಂತು, ಉಗುರಿಲೆ ಕಟ್ಟಿ ಗಟ್ಟಿ ಹಿಡ್ಕೊಂಡು ಎರಡೂ ರೆಕ್ಕಿ ಬಿಚ್ಚಿ ಪಟಪಟ ಬಡೀತೈತಿ, ಬಡದಂಗ ಬಡದಂಗ ಮೈಮ್ಯಾಗಿನ ಬಿಳಿ ಪುಕ್ಕ ಉದುರಿ ಗಾಳಿಯಾಗ ತೇಲಿ ಹೋಗ್ತಾವ, ಒಮ್ಮೆ ಜೋರು ಗಾಳಿ ಬಂತಂದ್ರ ಕಾಲು ಕಟ್ಟಿ ಬಿಟ್ಟು ಗೇಣು ಎತ್ತರ ಏಳ್ತೈತಿ, ಎದ್ದದ್ದ ತಡ ಗಾಬರಿ ಆಗಿ ಥಟ್ಟನ ಇಳಿದು ಹೊಟ್ಟಿ ಹಚ್ಚಿ ಮಲಗಿಬಿಡ್ತೈತಿ. ಸ್ವಲ್ಪ ಹೊತ್ತಿಗೆ ಮತ್ತ ಎದ್ದು ಅದ ಆಟ. ತಲಿ ಮ್ಯಾಲೆ ಕೆಳಗ ಆಡಿಸಿ ದೂರದ ವಸ್ತು ಎಷ್ಟು ದೂರ ಐತಿ ಅಂತ ಅಳೀತೈತಿ. ಗರಿ ಪೂರ್ತಿ ಬೆಳದು ನೆತ್ತಿ ಮ್ಯಾಲೆ ಒಂದೆರಡು ಬಿಳಿ ಪುಕ್ಕ ಅಷ್ಟ ಉಳಿದಾವ ಅಂದ್ರ ಕೆಳಗ ನಿಂತವ್ರಿಗೆ ಗೊತ್ತಾಗ್ತೈತಿ, ಇವತ್ತೋ ನಾಳೆಯೋ ಅಂತ.

ತಾಯಿ ಮರಿನ ಕೆಳಗ ನೂಕ್ತೈತಿ ಅಂತ ಒಂದು ಮಾತು ಬಾಳ ಓಡಾಡ್ತೈತಿ, ಅದು ಖರೇ ಅಲ್ಲ. ಅಪ್ಪ ಅವ್ವ ಬೇಟಿ ಹಿಡ್ಕೊಂಡು ಬಂದು ಮರಿಗಳ ಕಣ್ಣ ಮುಂದನ ಹಾರಿ ಹೋಗ್ತಾವ, ಎದುರಿನ ಬಿಲ್ಡಿಂಗ್ ಮ್ಯಾಲೆ ಕುಂತು ತೋರಸ್ತಾವ, ಹಸಿದ ಮರಿ ಅಂಚಿನ್ಯಾಗ ಓಡಾಡಿ ಚೀರಿ ಚೀರಿ ಕಡೀಕ ಹಾರೂ ಮನಸು ಮಾಡ್ತೈತಿ. ಕೆಲವು ಮರಿ ಮನಸೂ ಮಾಡಂಗಿಲ್ಲ, ರೆಕ್ಕಿ ಬಡಿಯೂವಾಗ ಗಾಳಿನ ಎತ್ಕೊಂಡು ಹೋಗಿಬಿಡ್ತೈತಿ.

ರೆಕ್ಕಿ ಬಡಿಯೂದು ಹುಟ್ಟಾ ಬರ್ತೈತಿ, ಇಳಿಯೂದು ಮಾತ್ರ ರೂಢಿಯಿಂದ ಬರ್ಬೇಕು. ಸೈಕಲ್ ಕಲಿಯೂ ಹುಡುಗ ಪೆಡಲ್ ತುಳಿಯೂದು ಲಗೂನ ಕಲೀತಾನ, ಬ್ರೇಕ್ ಯಾವಾಗ ಹಿಡೀಬೇಕು ಅನ್ನೂದಕ್ಕ ಒಂದೆರಡು ಸಲ ಗ್ವಾಡಿಗೆ ಹೋಗಿ ಗುದ್ದಬೇಕಾಗ್ತೈತಿ, ಇದೂ ಹಂಗ. ಎಷ್ಟು ದೂರದಿಂದ ವೇಗ ಇಳಿಸ್ಬೇಕು, ಬಾಲ ಯಾವಾಗ ಬೀಸಣಿಗಿ ಮಾಡ್ಬೇಕು, ಕಾಲು ಯಾವಾಗ ಮುಂದ ಚಾಚ್ಬೇಕು, ಇದೆಲ್ಲಾ ಮೊದಲ ದಿನ ತಪ್ಪೂದ ಜಾಸ್ತಿ. ಬೆಟ್ಟದಾಗ ಹಿಂಗ ತಪ್ಪಿದ್ರ ಕೆಳಗ ಇನ್ನೊಂದು ಅಂಚು ಸಿಗ್ತೈತಿ, ಒಂದು ಕುರುಚಲು ಗಿಡ ಸಿಗ್ತೈತಿ, ಅದೂ ಇಲ್ಲಂದ್ರ ಇಳಿಜಾರಿನ್ಯಾಗ ಬಿದ್ದು ಒಂದೊಂದ ಕಲ್ಲು ಹತ್ತಿ ಮ್ಯಾಲೆ ಬರ್ತೈತಿ, ಬಂಡೆಗೆ ಬಡದು ಏಳೂ ಗಾಳೀನೂ ಕೈ ಹಿಡೀತೈತಿ. ಸಿಟಿಯಾಗ ಗ್ವಾಡಿ ಸಪಾಟ, ಕೆಳಗ ಡಾಂಬರ್, ಡಾಂಬರ್ ಮ್ಯಾಲೆ ಬಸ್ಸು ಕಾರು. ಎಲ್ಲಕ್ಕಿಂತ ಕೆಟ್ಟದ್ದು ಗ್ಲಾಸು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯ ಕ್ಯಾಂಪನೀಲಿ ಅನ್ನೂ ಗಡಿಯಾರ ಗೋಪುರದ ಮ್ಯಾಲೆ, ಸುಮಾರು 94 ಮೀಟರ್ ಎತ್ತರದ ಗೋಪುರ ಅದು, 2017ರಾಗ ಹುಟ್ಟಿದ ಎರಡು ಮರಿಗೆ ಫಿಯಾಟ್, ಲಕ್ಸ್ ಅಂತ ಹೆಸರಿಟ್ಟಿದ್ರು. ಲಕ್ಸ್ ಹಾರಾಕ ಕಲ್ತು ಬಾಳ ದಿನ ಆಗಿರ್ಲಿಲ್ಲ, ಕಿಟಕಿ ಗ್ಲಾಸಿಗೆ ಬಡದು ಸತ್ತುಹೋತು. ಗ್ಲಾಸಿನ್ಯಾಗ ಕಾಣೂ ಆಕಾಶ ಖರೇ ಆಕಾಶ ಅಲ್ಲ ಅಂತ ಅದಕ್ಕ ಯಾರು ಹೇಳ್ಬೇಕು ಹೇಳ್ರಿ. ಸೇತುವೆ ಮ್ಯಾಲೆ ಹುಟ್ಟಿದ ಮರಿಗಳ ಪಾಡು ಇನ್ನೂ ಕಷ್ಟ, ಮೊದಲ ಹಾರಾಟ ತಪ್ಪಿದ್ರ ಸೀದಾ ನೀರಿಗೆ.

ಅದಕ್ಕ ಈ ವಾಲಂಟಿಯರ್ಸ್. ಹೆಚ್ಚಿನವ್ರು ರಿಟೈರ್ ಆದವ್ರು, ಕಾಲೇಜ್ ಹುಡುಗ್ರು, ಆಫೀಸಿಗೆ ಹೋಗೂ ಮೊದ್ಲ ಒಂದೆರಡು ತಾಸು ಬಂದು ಹೋಗೂವ್ರು. ಪಾಳಿ ಹಚ್ಕೊಂಡು ನಿಲ್ತಾರ, ಒಬ್ರು ಪಾರ್ಕಿಂಗ್ ಬಿಲ್ಡಿಂಗಿನ ಮ್ಯಾಲಿಂದ ನೋಡ್ತಾರ, ಇನ್ನೊಬ್ರು ಕೆಳಗ ಓಣಿ ಓಣಿ ಸುತ್ತತಾರ, ಮರಿ ಹಾರ್ತಂದ್ರ ಯಾವ ದಿಕ್ಕಿಗೆ ಹೋತು ಅಂತ ಫೋನಿನ್ಯಾಗ ಹೇಳ್ತಾರ. ದಿನದಾಗ ಹೆಚ್ಚಿನ ಹೊತ್ತು ಅವ್ರು ಏನೂ ಮಾಡಂಗಿಲ್ಲ, ಮಾಡ್ಲೂಬಾರ್ದು. ಮರಿ ಒಂದು ಅಂಚಿನ್ಯಾಗ ಕುಂತು ದಿನಪೂರ್ತಿ ಚೀರಿದ್ರೂ ಕೈ ಹಚ್ಚಂಗಿಲ್ಲ, ಅಪ್ಪ ಅವ್ವ ನೋಡ್ಕೋತಾವ ಅಂತ ಬಿಡ್ತಾರ. ಈ ತಡ್ಕೊಂಡು ನಿಲ್ಲೂದ ನನಗ ಅವ್ರ ಕೆಲಸದಾಗ ದೊಡ್ಡದು ಅನಸ್ತೈತಿ, ಯಾಕಂದ್ರ ಮರಿ ಅಳೂದು ನೋಡಿದ್ರ ಯಾರಿಗಾದ್ರೂ ಓಡಿಹೋಗಿ ಎತ್ಕೋಬೇಕು ಅನಸ್ತೈತಿ.

ಮರಿ ರೋಡಿಗೋ ಫುಟ್‌ಪಾತಿಗೋ ಬಂತಂದ್ರ ಮಾತ್ರ ಆಟ ಬೇರೆ. ಒಬ್ರು ಗಾಡಿ ನಿಲ್ಲಸ್ತಾರ, ಇನ್ನೊಬ್ರು ಹಿಂದಿನಿಂದ ಹೋಗಿ ಟವೆಲ್ ಹೊದಸ್ತಾರ, ಕಣ್ಣಿಗೆ ಕತ್ತಲಾತಂದ್ರ ಹಕ್ಕಿ ತಣ್ಣಗಾಗ್ತೈತಿ, ತೂತು ಇರೂ ರಟ್ಟಿನ ಡಬ್ಬಿಯಾಗ ಇಡ್ತಾರ. ಚುಂಚಿಗಿಂತ ಉಗುರಿಗೆ ಹುಷಾರಿರ್ಬೇಕು, ಹಿಡಿತಂದ್ರ ಬಿಡಂಗಿಲ್ಲ. ಅಮೆರಿಕಾದಾಗ ಕಾಡಿನ ಹಕ್ಕಿನ ಹಿಂಗ ಯಾರು ಬೇಕಾದವ್ರು ಹಿಡ್ಯೂಹಂಗಿಲ್ಲ, ವಲಸೆ ಹಕ್ಕಿಗಳ 1918ರ ಕಾನೂನು ಐತಿ, ಹಂಗಾಗಿ ವನ್ಯಜೀವಿ ಇಲಾಖೆಯವ್ರ ಒಪ್ಪಿಗಿ, ಟ್ರೇನಿಂಗ್ ಇದ್ದವ್ರಷ್ಟ ಮುಟ್ತಾರ. ರೆಕ್ಕಿ ಮುರದಿಲ್ಲ, ಪೆಟ್ಟಾಗಿಲ್ಲ ಅಂತ ನೋಡಿ ಮರಿನ ಲಿಫ್ಟಿನ್ಯಾಗ ಬಿಲ್ಡಿಂಗಿನ ಮ್ಯಾಲೆ ಒಯ್ದು ಬಿಡ್ತಾರ. ಮನುಷ್ಯಾ ಮುಟ್ಟಿದ ವಾಸನಿಗೆ ತಾಯಿ ಬಿಟ್ಟುಬಿಡ್ತೈತಿ ಅನ್ನೂದೂ ಸುಳ್ಳ, ಮರಿ ಕಂಡಿದ್ದ ತಡ ಊಟ ತರ್ತಾವ. ಮರುದಿನ ಅದ ಮರಿ ಎತ್ತರದಿಂದ ಮತ್ತೊಮ್ಮೆ ಹೊಂಡ್ತೈತಿ, ಈ ಸಲ ಸ್ವಲ್ಪ ಚಂದ ಇಳೀತೈತಿ.

ಒಂದು ಹಕ್ಕಿಗೆ ಇಷ್ಟೆಲ್ಲಾ ಯಾಕ ಅಂತ ಕೇಳೂವ್ರಿಗೆ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಊರಿನ ಕಥಿ ಹೇಳ್ತೀನಿ. ಅಲ್ಲಿ ಒಂದು ಸರ್ಕಾರಿ ಆಫೀಸಿನ 15ನೇ ಅಂತಸ್ತಿನ ಅಂಚಿನ್ಯಾಗ ಪೆರೆಗ್ರಿನ್ ಗೂಡು ಐತಿ, ಆ ಬಿಲ್ಡಿಂಗಿಗೆ ಇಟ್ಟ ಹೆಸರು ರೇಚಲ್ ಕಾರ್ಸನ್. ಡಿಡಿಟಿಯಂಥ ಕೀಟನಾಶಕ ಹಕ್ಕಿಗಳನ್ನ ತಿಂದುಹಾಕಾಕತ್ತೈತಿ ಅಂತ 1962ರಾಗ ಪುಸ್ತಕ ಬರದು ಜಗತ್ತಿಗೆ ಹೇಳಿದಾಕಿ ಅವರು. ಡಿಡಿಟಿ ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಫಾಲ್ಕನ್ನಿಗೆ ಬಂದು ಮೈಯಾಗ ಕೂಡ್ತಿತ್ತು, ತತ್ತಿ ಸಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಸಿಗದಂಗ ಮಾಡ್ತಿತ್ತು, ತಾಯಿ ಕಾವಿಗೆ ಕುಂತ್ರ ತತ್ತಿ ಒಡದು ಹೋಗ್ತಿದ್ವು. 1960ರ ದಶಕದ ನಡುವಿನ ಹೊತ್ತಿಗೆ ಅಮೆರಿಕಾದ ಪೂರ್ವ ಭಾಗದಾಗ ಮರಿ ಮಾಡೂ ಪೆರೆಗ್ರಿನ್ ಒಂದೂ ಉಳೀಲಿಲ್ಲ. 1972ರಾಗ ಅಲ್ಲಿ ಡಿಡಿಟಿ ಬ್ಯಾನ್ ಆತು. ಕಾರ್ನೆಲ್ ಯೂನಿವರ್ಸಿಟಿಯ ಟಾಮ್ ಕೇಡ್ ಮತ್ತ ಅವ್ರ ಜೋಡಿದಾರರು 1970ರಾಗ ಪೆರೆಗ್ರಿನ್ ಫಂಡ್ ಅನ್ನೂ ಸಂಸ್ಥೆ ಕಟ್ಟಿ, ಹಕ್ಕಿ ಸಾಕಿ ಮರಿ ಮಾಡಿಸಿ, ಆ ಮರಿಗಳನ್ನ ಬೆಟ್ಟ, ಟವರ್, ಬಿಲ್ಡಿಂಗ್ ಮ್ಯಾಲೆ ಪೆಟ್ಟಿಗ್ಯಾಗಿಟ್ಟು, ಹಾರಿ ಬೇಟಿ ಕಲಿಯೂತನಕ ಕಾದು ಕುಂತು ಊಟ ಹಾಕಿ ಬಿಟ್ರು. 1999ರಾಗ ಪೆರೆಗ್ರಿನ್ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಗ ಬಂತು. ಇವತ್ತು ರೋಡಿನ್ಯಾಗ ಡಬ್ಬಿ ಟವೆಲ್ ಹಿಡ್ಕೊಂಡು ನಿಂತವ್ರು ಆ ಕಾವಲಿನ ಕೆಲಸಾನ ಮುಂದುವರಸಾಕತ್ತಾರ.

ಇಷ್ಟು ಮಾಡಿದ್ರೂ ಹಾರಿದ ಮರಿಗಳೊಳಗ ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷ ದಾಟಂಗಿಲ್ಲ, ಅದನ್ನ ಮುಚ್ಚಿಡಬಾರ್ದು. ಹಾರಾಕ ಕಲ್ತ ಮ್ಯಾಲೂ ಒಂದು ಒಂದೂವರಿ ತಿಂಗಳು ಅಪ್ಪ ಅವ್ವನ ಊಟಾನ ಬೇಕು. ಅವು ಪಾರಿವಾಳ ಹಿಡ್ಕೊಂಡು ಬಂದು ಗಾಳಿಯಾಗ ಬಿಡ್ತಾವ, ಮರಿ ಹಿಂದಿನಿಂದ ಬಂದು ತಲಿಕೆಳಗಾಗಿ ಹಿಡೀಬೇಕು, ತಪ್ಪಿದ್ರ ದೊಡ್ಡದು ಕೆಳಗಿಂದ ಹಿಡ್ಕೊಂಡು ಬಂದು ಮತ್ತ ಕೊಡ್ತೈತಿ. ನಡುವ ನಡುವ ಚಿಟ್ಟಿ, ಒಣಗಿದ ಎಲಿ, ಒಂದನ್ನೊಂದು ಬೆನ್ನತ್ತಿ ಆಡ್ತಾವ. ಮುಂದ ತಾಸಿಗೆ 300 ಕಿಲೋಮೀಟರ್ ದಾಟೂ ಡೈವ್ ಹೊಡಿಯೂ ಹಕ್ಕಿ ಇದ.

ನಮ್ಮ ಕಡೆ ಹ್ಯಾಂಗ? ಪೆರೆಗ್ರಿನ್ನಿನ ನಮ್ಮ ನೆಲದ ತಳಿ ಶಾಹೀನ್, ಎದಿ ಹೊಟ್ಟಿ ಕೆಂಪುಗಂದು ಬಣ್ಣ, ಅದು ಹೆಚ್ಚಾಗಿ ಖರೇ ಬಂಡೆಗಲ್ಲಿನ್ಯಾಗ ಮರಿ ಮಾಡ್ತೈತಿ. ಚಳಿಗಾಲಕ್ಕ ಉತ್ತರದ ಕಡಿಂದ ಬರೂ ಪೆರೆಗ್ರಿನ್ನೂ ಅದಾವ, ಅವು ಇಲ್ಲಿ ಮರಿ ಮಾಡಂಗಿಲ್ಲ. ಗದಗ, ನವಲಗುಂದದ ಎರಿಹೊಲದ ಮ್ಯಾಲೆ ಚಳಿಗಾಲದಾಗ ಗಾಳಿಯಾಗ ಒಂದ ಜಾಗಾದಾಗ ರೆಕ್ಕಿ ಬಡೀತಾ ನಿಂತು ಕೆಳಗ ಇಲಿ ಮಿಡತಿ ನೋಡೂ ಸಣ್ಣ ಹಕ್ಕಿ ಕಂಡಿದ್ರ ಅದು ಕೆಸ್ಟ್ರೆಲ್, ಅದೂ ಫಾಲ್ಕನ್ ಜಾತೀದ.

ಹುಬ್ಬಳ್ಳಿ ಧಾರವಾಡದ ಊರೊಳಗ ಗೂಡು ಕಟ್ಟಿ ಮರಿ ಮಾಡೂವು ಹದ್ದು ಮತ್ತ ಶಿಕ್ರಾ ಅನ್ನೂ ಸಣ್ಣ ಬೇಟಿ ಹಕ್ಕಿ. ಹದ್ದು ಮೊಬೈಲ್ ಟವರ್, ನೀಲಗಿರಿ, ಹುಣಸಿ, ತೆಂಗು ಎಲ್ಲಿ ಬೇಕಾದಲ್ಲಿ ಗೂಡು ಕಟ್ತೈತಿ, ಗೂಡಿನ್ಯಾಗ ಅರಿವಿ ಚಿಂದಿ, ಪ್ಲಾಸ್ಟಿಕ್, ತಂತಿ ಎಲ್ಲಾ ಇರ್ತಾವ. ಬ್ಯಾಸಿಗ್ಯಾಗ ಟೆರೇಸಿಗೆ ಸಂಡಿಗಿ ಹಪ್ಪಳ ಒಣಹಾಕಾಕ ಹೋದ್ರ ಹದ್ದು ತಲಿಗೆ ಬಡೀತೈತಿ ಅಂತ ಬಾಳ ಮಂದಿ ಬೈತಾರ, ಹತ್ತಿರದಾಗ ಮರಿ ಐತಿ ಅಂತ ಅದರ ಅರ್ಥ. ಮರಿ ಹಾರೂತನಕ ಕೆಲವು ವಾರ ಛತ್ರಿ ಹಿಡ್ಕೊಂಡು ಹೋಗ್ರಿ, ಗೂಡು ಕೀಳಸಾಕ ಹೋಗಬ್ಯಾಡ್ರಿ.

ಇವುಗಳ ಮರಿ ಫಾಲ್ಕನ್ ಹಂಗ ಒಮ್ಮೆಲೆ ಜಿಗಿಯಂಗಿಲ್ಲ. ಮೊದ್ಲ ಗೂಡಿನಿಂದ ಟೊಂಗಿಗೆ, ಟೊಂಗಿಯಿಂದ ಟೊಂಗಿಗೆ ಹಾರ್ಕೋತ ಕೆಲವು ದಿನ ಕಳೀತಾವ. ಶಿಕ್ರಾದ ರೆಕ್ಕಿ ಮೊಂಡು, ಅಗಲ, ಗಿಡದ ಸಂದಿಯಾಗ ನುಸುಳಾಕ ಹೇಳಿ ಮಾಡಿಸಿದ್ದು, ನೆಲದಿಂದ ಏಳೂದು ಅದಕ್ಕ ಅಷ್ಟು ಕಷ್ಟ ಅಲ್ಲ. ಪೆರೆಗ್ರಿನ್ನಿಂದು ಉದ್ದ, ಚೂಪು, ವೇಗಕ್ಕಂತ ಇರೂ ರೆಕ್ಕಿ. ಆದ್ರೂ ಅಡ್ಡಮಳಿ, ಬಿರುಗಾಳಿ ಬಂದ ಮರುದಿನ ಮುಂಜಾನೆ ಕಂಪೌಂಡಿನ್ಯಾಗ ತೊಯ್ಸ್ಕೊಂಡು ಕುಂತ ಮರಿ ಸಿಗ್ತಾವ, ಸುತ್ತ ಕಾಗಿ ಗದ್ದಲ ಹಾಕಿರ್ತಾವ, ನಾಯಿ ಬ್ಯಾರೆ.

ಅಂಥಾ ಮರಿ ಸಿಕ್ಕಾಗ ಮೊದ್ಲ ನಾಯಿ, ಬೆಕ್ಕು, ಹುಡುಗ್ರನ್ನ ದೂರ ಕಳಸ್ರಿ, ಆಮ್ಯಾಲೆ ದೂರ ನಿಂತು ನೋಡ್ರಿ. ಮೈತುಂಬ ಗರಿ ಬಂದಾವ, ಎರಡೂ ರೆಕ್ಕಿ ಸಮ ಅದಾವ, ಹತ್ತಿರ ಹೋದ್ರ ಬಾಯಿ ತಗದು ಹೆದರಸ್ತೈತಿ ಅಂದ್ರ ಅದು ಆರಾಮ ಐತಿ, ದಪ್ಪ ಟವೆಲ್ ಹೊದಿಸಿ ಹಿಡದು ಅದ ಗಿಡದ ಎತ್ತರದ ಟೊಂಗಿ ಮ್ಯಾಲೋ ಹತ್ತಿರದ ಟೆರೇಸಿನ ನೆರಳಿಗೋ ಇಡ್ರಿ, ಇಟ್ಟು ಅಲ್ಲಿಂದ ಹೋಗಿಬಿಡ್ರಿ, ನೀವು ನಿಂತಿದ್ರ ತಾಯಿ ಇಳಿದು ಬರಂಗಿಲ್ಲ. ಇನ್ನೂ ಪುಕ್ಕ ಪುಕ್ಕ ಇದ್ರ, ರೆಕ್ಕಿ ಜೋತುಬಿದ್ದಿದ್ರ, ರಕ್ತ ಕಂಡ್ರ, ಮಾಂಜಾ ದಾರ ಸುತ್ತಿದ್ರ, ರಟ್ಟಿನ ಡಬ್ಬಿಯಾಗ ಕತ್ತಲು ಮಾಡಿಟ್ಟು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಮಾಡ್ರಿ. ಹಾಲು, ಅನ್ನ, ಬ್ರೆಡ್ ಹಾಕ್ಬ್ಯಾಡ್ರಿ, ಬಾಯಾಗ ನೀರು ಬಿಡೂದಂತೂ ಬ್ಯಾಡವೇ ಬ್ಯಾಡ, ಉಸಿರಿನ ನಳಿಗೆ ಹೋಗಿ ಸಾಯ್ತಾವ. ಚಂದ ಐತಿ ಅಂತ ಮನ್ಯಾಗ ಇಟ್ಕೊಂಡ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಮತ್ತ ಮನ್ಯಾಗ ಬೆಳೆದ ಮರಿಗೆ ಬೇಟಿ ಕಲಿಸಾಕ ನಮ್ಮ ಕೈಲೆ ಆಗೂ ಮಾತೂ ಅಲ್ಲ.

ಪ್ರಶ್ನೆ ಕೇಳಿದವ್ರು ಕಡೀಕ ಇನ್ನೊಂದು ಸಾಲು ಬರದಿದ್ರು, ಇಲ್ಲೂ ಹಂಗ ನಿಂತು ನೋಡಬಹುದೇನು ಅಂತ. ಧಾರಾಳ ನೋಡಬಹುದು. ನಿಮ್ಮ ಓಣಿಯಾಗಿನ ಟವರ್ ಮ್ಯಾಲೆ ಹದ್ದಿನ ಗೂಡು ಇದ್ರ ಏಪ್ರಿಲ್ ಕಡೀಂದ ಮುಂಜಾನೆ ಬಿಸಿಲು ಏರೂ ಮೊದ್ಲ ಒಂದು ದುರ್ಬೀನು ತಗೊಂಡು ಎದುರಿನ ಟೆರೇಸಿಗೆ ಹೋಗಿ ಕುಂದರ್ರಿ, ಗೂಡಿಗೆ ಡ್ರೋನ್ ಹಾರಸಬ್ಯಾಡ್ರಿ, ಟವರ್ ಹತ್ತಬ್ಯಾಡ್ರಿ. ಮರಿ ಗೂಡಿನ ಕಟ್ಟಿಗೆ ಬಂದು ಗಾಳಿಗೆ ಮುಖ ಮಾಡಿ ರೆಕ್ಕಿ ಬಡಿಯಾಕ ಶುರು ಮಾಡ್ತಂದ್ರ ಆ ವಾರ ದಿನಾ ಹೋಗ್ರಿ, ಕೆಳಗಿನ ಅಂಗಡಿಯವ್ರಿಗೂ ಒಂದು ಮಾತು ಹೇಳಿಡ್ರಿ, ಮರಿ ಬಿದ್ರ ಫೋನ್ ಮಾಡ್ರಿ ಅಂತ.