ಮುಖ ಕಳಚಿದ ಮೇಲೆ: ಒಂದು ಮಾಟಗಾತಿ ಸಿನಿಮಾ, ಮುಗಿಯದ ವಾದ

ಹೋಟೆಲಿನ ದೊಡ್ಡ ಸಭಾಂಗಣ. ಬಾಗಿಲುಗಳನ್ನು ಒಳಗಿನಿಂದ ಭದ್ರ ಮಾಡಿದ್ದಾರೆ. ತುಂಬಾ ಹೆಂಗಸರು ಸಾಲಾಗಿ ಕೂತಿದ್ದಾರೆ. ಹೊರಗಿನವರಿಗೆ ಅದು ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘದ ಸಭೆ. ಹಿಂದೆ ಒಂದು ಪರದೆಯ ಮರೆಯಲ್ಲಿ ಒಬ್ಬ ಹುಡುಗ ತನ್ನ ಸಾಕಿದ ಇಲಿಗಳ ಜೊತೆ ಅಡಗಿದ್ದಾನೆ. ವೇದಿಕೆಯ ಮೇಲಿನ ಸುಂದರ ಹೆಂಗಸು ನಿಧಾನವಾಗಿ ತನ್ನ ಮುಖದ ಚರ್ಮ ಕಳಚುತ್ತಾಳೆ. ಕೆಳಗಿರುವುದು ಬೋಳು ತಲೆ, ಕೆಳಕ್ಕೆ ಬಾಗಿದ ಉದ್ದ ಮೂಗು, ಹುಣ್ಣಾದಂಥ ಚರ್ಮ.

1990ರ 'ದಿ ವಿಚಸ್' ಸಿನಿಮಾದ ಈ ದೃಶ್ಯವನ್ನು ಚಿಕ್ಕಂದಿನಲ್ಲಿ ನೋಡಿದವರು ಇವತ್ತಿಗೂ ಮರೆತಿಲ್ಲ. ಕೆಲವರು "ಇದನ್ನು ಮಕ್ಕಳ ಸಿನಿಮಾ ಅಂತ ಯಾಕೆ ತೋರಿಸಿದರು?" ಎಂದು ಕೇಳುತ್ತಾರೆ. ಇನ್ನು ಕೆಲವರು "ನಾನು ನೋಡಿದ ಅತ್ಯುತ್ತಮ ಮಕ್ಕಳ ಸಿನಿಮಾ ಇದೇ" ಎನ್ನುತ್ತಾರೆ. ಇವೆರಡರ ನಡುವೆ ಹೆಣ್ಣುದ್ವೇಷದ ಆರೋಪ, ಅಂಗವಿಕಲರ ನೋವು, ಕೊನೆ ಬದಲಾಯಿಸಿದ್ದಕ್ಕೆ ಲೇಖಕರ ಸಿಟ್ಟು, ಪುಸ್ತಕದ ಸಾಲು ತಿದ್ದಿದ ವಿವಾದ ಎಲ್ಲ ಸೇರಿಕೊಂಡಿವೆ. ಯಾವ ಮಾತು ಯಾವಾಗ ಶುರುವಾಯಿತು ಅಂತ ಈಗ ನೋಡುವವರಿಗೆ ಗೊತ್ತಾಗುವುದೇ ಕಷ್ಟ.

ಮಕ್ಕಳಿಗೆ ಮಾಟಗಾತಿ ತೋರಿಸಬಹುದಾ ಎಂಬ ಪ್ರಶ್ನೆ ಸಿನಿಮಾದಷ್ಟೇ ಹಳೆಯದು ಅನ್ನಬಹುದು. 1937ರ 'ಸ್ನೋ ವೈಟ್' ಬ್ರಿಟನ್ನಿಗೆ ಬಂದಾಗ, ದೊಡ್ಡವರ ಜೊತೆ ಮಾತ್ರ ಮಕ್ಕಳನ್ನು ಬಿಡಬೇಕು ಎಂಬ ಪ್ರಮಾಣಪತ್ರ ಸಿಕ್ಕಿತ್ತು. 1939ರ 'ದಿ ವಿಝರ್ಡ್ ಆಫ್ ಓಝ್'ನಲ್ಲಿ ಹಸಿರು ಮುಖದ ಮಾಟಗಾತಿಯಾದ ಮಾರ್ಗರೆಟ್ ಹ್ಯಾಮಿಲ್ಟನ್ ಮೊದಲು ಪುಟ್ಟ ಮಕ್ಕಳ ಟೀಚರ್ ಆಗಿದ್ದವರು. ಮಕ್ಕಳು ತನ್ನನ್ನು ಕಂಡು ಹೆದರುವುದು ಅವರಿಗೆ ನಿಜವಾಗಿಯೂ ಬೇಸರ ತರುತ್ತಿತ್ತು. 1975ರಲ್ಲಿ ಅವರು ಮಕ್ಕಳ ಟಿವಿ ಕಾರ್ಯಕ್ರಮವೊಂದಕ್ಕೆ ಮಾಮೂಲಿ ಬಟ್ಟೆಯಲ್ಲೇ ಬಂದರು. ಮಾಟಗಾತಿಯ ವೇಷವನ್ನು ಮಕ್ಕಳ ಕಣ್ಣೆದುರೇ ಒಂದೊಂದಾಗಿ ತೊಟ್ಟು, ಇದೆಲ್ಲ ಬರೀ ನಟನೆ ಅಂತ ವಿವರಿಸಿದರು. ಮರುವರ್ಷ 'ಸೆಸಮಿ ಸ್ಟ್ರೀಟ್' ಎಂಬ ಇನ್ನೊಂದು ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಅದೇ ಪಾತ್ರವಾಗಿ ಕಾಣಿಸಿಕೊಂಡಾಗ ಮಾತ್ರ, ಮಕ್ಕಳು ಹೆದರಿದರು ಎಂದು ತಂದೆತಾಯಂದಿರಿಂದ ದೂರುಗಳು ಬಂದವು. ಆ ಕಂತನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಅದೇ ನಟಿ, ಅದೇ ಕಪ್ಪು ಬಟ್ಟೆ. ಒಂದು ಕಡೆ ವೇಷ ತೊಡುವುದನ್ನು ಮಕ್ಕಳು ನೋಡಿದ್ದರು, ಇನ್ನೊಂದು ಕಡೆ ನೋಡಿರಲಿಲ್ಲ. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಂಬತ್ತರ ದಶಕದಲ್ಲಿ ಮಕ್ಕಳ ಸಿನಿಮಾಗಳು ಒಂದಾದ ಮೇಲೊಂದು ಕತ್ತಲಿಗೆ ಇಳಿದವು. 'ಗ್ರೆಮ್ಲಿನ್ಸ್' ಥರದ ಸಿನಿಮಾಗಳ ಗಲಾಟೆಯಿಂದಲೇ 1984ರಲ್ಲಿ ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ತಂದೆತಾಯಿಗೆ ಗಟ್ಟಿ ಎಚ್ಚರಿಕೆ ಕೊಡುವ ಪಿಜಿ-13 ಎಂಬ ಹೊಸ ರೇಟಿಂಗ್ ಹುಟ್ಟಿತು. 1989ರಲ್ಲಿ ಬ್ರಿಟನ್ ಚಿತ್ರಮಂದಿರಗಳಿಗೆ, 12 ವರ್ಷದೊಳಗಿನವರನ್ನು ಒಳಗೆ ಬಿಡದ '12' ಎಂಬ ವರ್ಗ ತಂದಿತು. ಅಂದರೆ 'ದಿ ವಿಚಸ್' ಬರುವ ಹೊತ್ತಿಗೆ ನಡುವಿನ ಮೆಟ್ಟಿಲು ಎರಡೂ ದೇಶಗಳಲ್ಲಿ ತಯಾರಾಗಿತ್ತು. ಆದರೂ ಈ ಸಿನಿಮಾಗೆ ಎರಡೂ ಕಡೆ ಸಿಕ್ಕಿದ್ದು ಬರೀ ಪಿಜಿ. ತಂದೆತಾಯಿಗೆ ಒಂದು ಎಚ್ಚರಿಕೆ, ಅಷ್ಟೇ. ಮುಂದಿನ ಅರ್ಧ ಜಗಳ ಈ ಎರಡಕ್ಷರದಿಂದ ಬಂದಿದೆ.

ಮೂಲ ಪುಸ್ತಕ ಬ್ರಿಟನ್ನಿನ ಮಕ್ಕಳ ಲೇಖಕ ರೋಲ್ಡ್ ಡಾಲ್ ಅವರದು, 1983ರದ್ದು. ತಂದೆತಾಯಿ ಕಳೆದುಕೊಂಡ ಹುಡುಗ, ನಾರ್ವೆಯ ಅಜ್ಜಿ. ಮಾಟಗಾತಿಯರನ್ನು ಗುರುತು ಹಿಡಿಯುವುದು ಹೇಗೆ ಅಂತ ಅಜ್ಜಿ ಹೇಳಿಕೊಡುತ್ತಾಳೆ. ಬೋಳು ತಲೆಗೆ ವಿಗ್, ಉಗುರು ಮುಚ್ಚಲು ಕೈಗವಸು, ಬೆರಳೇ ಇಲ್ಲದ ಪಾದ. ಮುಂದೆ ಮಾಟಗಾತಿಯರು ಆ ಹುಡುಗನನ್ನೇ ಇಲಿಯಾಗಿ ಮಾಡಿಬಿಡುತ್ತಾರೆ. ಡಾಲ್ ಅವರ ತಂದೆತಾಯಿಯೂ ನಾರ್ವೆಯವರು. ಪುಸ್ತಕಕ್ಕೆ ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕದ ವಿಟ್‌ಬ್ರೆಡ್ ಪ್ರಶಸ್ತಿ ಬಂತು. ಅದರ ಜೊತೆಗೇ, ಮಾಟಗಾತಿಯರೆಲ್ಲ ಹೆಂಗಸರೇ ಎಂದು ಬರೆದಿದ್ದಕ್ಕೆ ಟೀಕೆಯೂ ಬಂತು. ತೊಂಬತ್ತರ ದಶಕದಲ್ಲಿ ಅಮೆರಿಕದ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ 100 ಪುಸ್ತಕಗಳ ಪಟ್ಟಿಯಲ್ಲಿ ಇದೂ ಇತ್ತು.

ಈಗ ಸಿನಿಮಾಗೆ ಬರೋಣ. ಚಿತ್ರೀಕರಣ ನಡೆದದ್ದು 1988ರಲ್ಲಿ, ನಾರ್ವೆಯ ಬರ್ಗೆನ್‌ನಲ್ಲಿ ಮತ್ತು ಇಂಗ್ಲೆಂಡಿನಲ್ಲಿ. ಹೋಟೆಲಿನ ಹೊರನೋಟಕ್ಕೆ ಕಾರ್ನ್‌ವಾಲ್‌ನ ಕಡಲ ದಡದ ಒಂದು ಹಳೆಯ ಹೋಟೆಲ್. ಬೊಂಬೆಗಳ ಮಾಂತ್ರಿಕ ಜಿಮ್ ಹೆನ್ಸನ್ ಇದರ ಹಿಂದಿದ್ದರು. ನಿರ್ದೇಶಕ ನಿಕೋಲಸ್ ರೋಗ್. ಮಗಳನ್ನು ಕಳೆದುಕೊಂಡ ದಂಪತಿಯ ಬಗ್ಗೆ 1973ರಲ್ಲಿ 'ಡೋಂಟ್ ಲುಕ್ ನೌ' ಎಂಬ ಭಯಾನಕ ಸಿನಿಮಾ ಮಾಡಿದವರು ಅವರು. ಅಂಥವರ ಕೈಗೆ ಮಕ್ಕಳ ಕಥೆ ಕೊಟ್ಟರೆ ಏನಾಗಬಹುದೋ ಅದೇ ಆಯಿತು. ನನ್ನ ಮಟ್ಟಿಗೆ ಈ ಸಿನಿಮಾದ ಶಕ್ತಿ ಇಲ್ಲೇ ಇದೆ. ರೋಗ್ ಮಕ್ಕಳಿಗೆಂದು ಕ್ಯಾಮೆರಾವನ್ನು ಮೆತ್ತಗೆ ಮಾಡಲಿಲ್ಲ. ಓರೆಯಾದ ಕೋನಗಳು, ಮೂಗಿನ ತುದಿಗೆ ತಾಗುವಷ್ಟು ಹತ್ತಿರದ ಮುಖಗಳು, ಇಲಿಯ ಎತ್ತರದಿಂದ ಕಾಣುವ ನೆಲ.

ವೇದಿಕೆಯ ಮೇಲಿನ ಆ ಹೆಂಗಸು, ಅಂದರೆ ಮಹಾ ಮಾಟಗಾತಿಯಾಗಿ ನಟಿಸಿದ ಅಂಜೆಲಿಕಾ ಹ್ಯೂಸ್ಟನ್ ಅವರಿಗೆ ಆ ಮುಖ ಅಂಟಿಸಲು ಆರೇಳು ಗಂಟೆ ಬೇಕಾಗುತ್ತಿತ್ತು. ತೆಗೆಯಲೂ ಹತ್ತಿರಹತ್ತಿರ ಅಷ್ಟೇ ಹೊತ್ತು. ಆ ರಬ್ಬರಿನ ಕೆಳಗಿಂದಲೂ ಕಣ್ಣುಗಳು ಎಷ್ಟು ಆಸೆಯಿಂದ, ಎಷ್ಟು ಖುಷಿಯಿಂದ ಉರಿಯುತ್ತವೆ ಅಂತ ಇನ್ನೊಮ್ಮೆ ನೋಡಿ. ಮಕ್ಕಳನ್ನು ಹೆದರಿಸಿದ್ದು ಮೂಗು ಮಾತ್ರ ಅಲ್ಲ, ಆ ಖುಷಿ ಕೂಡ. ಒಂದು ದೃಶ್ಯದಲ್ಲಿ ಅವಳು ಮಗು ಮಲಗಿರುವ ತಳ್ಳುಗಾಡಿಯನ್ನು ಇಳಿಜಾರಿಗೆ ನೂಕುತ್ತಾಳೆ. ಆಗ ಅವಳ ಮುಖದ ಮೇಲೆ ಒಂದು ತೊಟ್ಟು ವಿಕಾರದ ಮೇಕಪ್ ಇಲ್ಲ.

ಕೊನೆಯ ವಿಷಯಕ್ಕೆ ಬಂದರೆ, ಪುಸ್ತಕದಲ್ಲಿ ಇಲಿಯಾದ ಹುಡುಗ ಇಲಿಯಾಗಿಯೇ ಉಳಿಯುತ್ತಾನೆ. ತಾನು ಎಷ್ಟು ವರ್ಷ ಬದುಕಬಹುದು ಎಂದು ಅಜ್ಜಿಯನ್ನು ಕೇಳುತ್ತಾನೆ. ಸುಮಾರು ಒಂಬತ್ತು ವರ್ಷ ಎನ್ನುತ್ತಾಳೆ ಅಜ್ಜಿ. ಅವಳಿಗಾಗಲೇ 86. ಹುಡುಗನಿಗೆ ದುಃಖವೇ ಇಲ್ಲ. ಅಜ್ಜಿ ಹೋದ ಮೇಲೆ ತಾನೊಬ್ಬನೇ ಉಳಿಯಬೇಕಾಗಿಲ್ಲವಲ್ಲ ಎಂಬ ಸಮಾಧಾನ. ತಬ್ಬಲಿ ಹುಡುಗನ ಬಾಯಲ್ಲಿ ಬರುವ ಈ ಮಾತಿಗಿಂತ ನಿಜವಾದ ಮಾತು ಇಡೀ ಪುಸ್ತಕದಲ್ಲಿ ಇಲ್ಲ. ಸಿನಿಮಾದವರು ಎರಡು ಕೊನೆಗಳನ್ನು ಚಿತ್ರೀಕರಿಸಿದ್ದರು ಎನ್ನಲಾಗುತ್ತದೆ. ಉಳಿದುಕೊಂಡದ್ದು ಸಂತೋಷದ ಕೊನೆ. ಮನಸ್ಸು ಬದಲಾಯಿಸಿದ ಮಾಟಗಾತಿಯೊಬ್ಬಳು ಬಂದು ಹುಡುಗನನ್ನು ಮತ್ತೆ ಮನುಷ್ಯ ಮಾಡುತ್ತಾಳೆ. ಡಾಲ್ ಅವರಿಗೆ ಇದು ಎಳ್ಳಷ್ಟೂ ಇಷ್ಟವಾಗಲಿಲ್ಲ. ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಮಕ್ಕಳು ತಡೆದುಕೊಳ್ಳಲಾರರು ಎಂಬ ಕಾಳಜಿ ಈ ಬದಲಾವಣೆಯ ಹಿಂದೆ ಇದ್ದಿರಬಹುದು. ಆದರೆ ಅಷ್ಟೆಲ್ಲ ಹೆದರಿಸಿದ ಮೇಲೆ, ಸಮಾಧಾನ ಹೇಳಬೇಕಾದ ಜಾಗದಲ್ಲಿ ಆ ಒಂದು ಮಾತನ್ನೇ ತೆಗೆದುಬಿಟ್ಟರು ಅಂತ ಅನಿಸದೆ ಇರದು. ಭಯದ ಬಗ್ಗೆ ದೂರುವ ನೋಡುಗರು ಕೂಡ ಹೆಚ್ಚಾಗಿ ಈ ಕೊನೆಯನ್ನು ಇಷ್ಟಪಡುವುದಿಲ್ಲ.

ಸಿನಿಮಾ 1990ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ, ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಹೆನ್ಸನ್ ಮೇ 16ರಂದೇ ತೀರಿಕೊಂಡಿದ್ದರು. ಡಾಲ್ ನವೆಂಬರ್‌ನಲ್ಲಿ ಹೋದರು. ವಿಮರ್ಶಕರು ಹೊಗಳಿದರು. ಟಿಕೆಟ್ ಮಾತ್ರ ಅಷ್ಟಾಗಿ ಮಾರಾಟವಾಗಲಿಲ್ಲ. ಅಮೆರಿಕದಲ್ಲಿ ಬಂದದ್ದು ಒಂದು ಕೋಟಿ ಡಾಲರಿನ ಆಸುಪಾಸು. ಸಿನಿಮಾ ನಿಜವಾಗಿ ಮನೆಮನೆಗೆ ಹೋಗಿದ್ದು ವಿಡಿಯೊ ಕ್ಯಾಸೆಟ್ ಮತ್ತು ಟಿವಿ ಮೂಲಕ. ಇದು ಸಣ್ಣ ಸಂಗತಿ ಅನಿಸಬಹುದು, ಆದರೆ ನೋಡುಗರ ಅಭಿಪ್ರಾಯ ಎರಡು ಹೋಳಾಗಿದ್ದು ಇಲ್ಲೇ ಅಂತ ನನ್ನ ಅಂದಾಜು. ಚಿತ್ರಮಂದಿರಕ್ಕೆ ಮಕ್ಕಳನ್ನು ದೊಡ್ಡವರೇ ಕರೆದುಕೊಂಡು ಹೋಗುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ. ಮನೆಯಲ್ಲಿ ಕ್ಯಾಸೆಟ್ ಹಾಕಿ, ಇಲಿಗಳ ಸಿನಿಮಾ ಅಂತ ಸುಮ್ನೆ ಕೂರಿಸಿ, ದೊಡ್ಡವರು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಎಂಟು ವರ್ಷದ ಅಕ್ಕನ ಪಕ್ಕ ನಾಲ್ಕು ವರ್ಷದ ತಮ್ಮನೂ ಕೂತಿರುತ್ತಿದ್ದ.

ನಾಲ್ಕಕ್ಕೂ ಎಂಟಕ್ಕೂ ನಡುವೆ ಎಷ್ಟು ವ್ಯತ್ಯಾಸ ಇದೆ ಎಂಬುದು ಆಗಲೇ ಗೊತ್ತಿತ್ತು. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿ 1985ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಒಬ್ಬ ವಯಸ್ಸಾದ ಹೆಂಗಸಿನ ವಿಡಿಯೊ. ಒಂದರಲ್ಲಿ ಅವಳು ಪ್ರೀತಿಯ ಅಜ್ಜಿಯ ಹಾಗೆ, ಇನ್ನೊಂದರಲ್ಲಿ ಮಾಟಗಾತಿಯ ಹಾಗೆ ಕಾಣುತ್ತಾಳೆ. ನಡವಳಿಕೆಯನ್ನೂ ಹಾಗೇ ಬದಲಾಯಿಸಿದರು, ಒಮ್ಮೆ ಕರುಣೆ, ಒಮ್ಮೆ ಕ್ರೌರ್ಯ. ಮೂರರಿಂದ ಐದು ವರ್ಷದ ಮಕ್ಕಳು ಒಳ್ಳೆಯವಳೋ ಕೆಟ್ಟವಳೋ ಅಂತ ಹೇಳುವಾಗ ಜಾಸ್ತಿ ನೋಡಿದ್ದು ಅವಳ ರೂಪವನ್ನು. ದೊಡ್ಡ ಮಕ್ಕಳು ನೋಡಿದ್ದು ಅವಳು ಏನು ಮಾಡಿದಳು ಎಂಬುದನ್ನು.

ಈ ಕಣ್ಣಿನಿಂದ ನೋಡಿದರೆ ಹಳೆಯ ಜಗಳ ಸ್ವಲ್ಪ ಬಿಡಿಸಿಕೊಳ್ಳುತ್ತದೆ, ಅಲ್ವಾ? ನಾಲ್ಕು ವರ್ಷದವನಿಗೆ ಸಿನಿಮಾ ಅಂದರೆ ಆ ಕಳಚಿದ ಮುಖ. ಅಷ್ಟೇ, ಬೇರೇನೂ ತಲೆಗೆ ಹೋಗುವುದಿಲ್ಲ. ಎಂಟು ವರ್ಷದವಳಿಗೆ ಅದು ದೊಡ್ಡವರನ್ನು ಸೋಲಿಸುವ ಹುಡುಗನ ಕಥೆ. ಇಬ್ಬರೂ ಬೆಳೆದು ಅಭಿಪ್ರಾಯ ಹೇಳುವಾಗ, ಒಂದೇ ಸಿನಿಮಾ ನೋಡಿದೆವು ಅಂದುಕೊಂಡು ವಾದ ಮಾಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮುಂದಿನ ಮೂವತ್ತು ವರ್ಷ ನೆನಪಿನ ವರ್ಷಗಳು. ಹೆದರಿದ್ದ ಮಕ್ಕಳು ತಾವೇ ತಂದೆತಾಯಿಯಾದರು, ಸಿನಿಮಾ ಆಪ್ತವಾಯಿತು.

2020ರ ಅಕ್ಟೋಬರ್‌ನಲ್ಲಿ ರಾಬರ್ಟ್ ಝೆಮೆಕಿಸ್ ಅವರ ಹೊಸ 'ದಿ ವಿಚಸ್' ಬಂತು. ಕಥೆ ಅರವತ್ತರ ದಶಕದ ಅಮೆರಿಕದ ಅಲಬಾಮಾಗೆ ಹೋಯಿತು, ಹುಡುಗ ಇಲಿಯಾಗಿಯೇ ಉಳಿದ. ಆದರೆ ಈ ಸಲ ಜಗಳ ಎದ್ದದ್ದು ಬೇರೆ ಜಾಗದಲ್ಲಿ. ಮಹಾ ಮಾಟಗಾತಿಯಾದ ನಟಿ ಆನ್ ಹ್ಯಾಥವೇ ಅವರ ಪಾತ್ರದ ಕೈಗಳಿಗೆ ಬೆರಳುಗಳು ಕಮ್ಮಿ ಇದ್ದವು. ಪುಸ್ತಕದಲ್ಲಿ ಇರುವುದು ಬೆಕ್ಕಿನಂಥ ಉಗುರು, ಕಮ್ಮಿ ಬೆರಳಲ್ಲ. ಹುಟ್ಟಿನಿಂದಲೇ ಕೈಬೆರಳುಗಳು ಹಾಗಿರುವವರು ತಮ್ಮ ಕೈಯ ಫೋಟೊ ಹಾಕಿ, ನಾನು ಮಾಟಗಾತಿ ಅಲ್ಲ ಎಂದು ಬರೆದರು. ಸ್ಟುಡಿಯೊ ಮತ್ತು ನಟಿ ಇಬ್ಬರೂ ಕ್ಷಮೆ ಕೇಳಿದರು. ಇದನ್ನು ಅತಿಸೂಕ್ಷ್ಮತೆ ಎಂದು ತಳ್ಳಿಹಾಕಿದವರೂ ಇದ್ದರು. ಆದರೆ ಆ 1985ರ ಪ್ರಯೋಗವನ್ನು ನೆನೆಸಿಕೊಳ್ಳಿ. ಪುಟ್ಟ ಮಕ್ಕಳು ರೂಪವನ್ನೇ ನೋಡಿ ಕೆಟ್ಟವರು ಯಾರು ಅಂತ ತೀರ್ಮಾನಿಸುತ್ತಾರೆ. ಸಿನಿಮಾ ಮುಗಿದ ಮರುದಿನ ಅಂಥದ್ದೇ ಕೈ ಇರುವ ಹುಡುಗಿ ಅವರ ತರಗತಿಯಲ್ಲಿ ಕೂತಿರಬಹುದು.

2023ರಲ್ಲಿ ಪ್ರಕಾಶಕರು ಪುಸ್ತಕದ ಹೊಸ ಮುದ್ರಣದಲ್ಲಿ, ಹೆಂಗಸರು ವಿಗ್ ಹಾಕಲು ಬೇರೆ ಎಷ್ಟೋ ಕಾರಣಗಳಿರಬಹುದು, ಅದರಲ್ಲಿ ತಪ್ಪೇನೂ ಇಲ್ಲ ಎಂಬ ಅರ್ಥದ ಸಾಲು ಸೇರಿಸಿರುವುದು ಸುದ್ದಿಯಾಯಿತು. ಗಲಾಟೆಯಾದ ಮೇಲೆ ಹಳೆಯ ಪಠ್ಯವನ್ನೂ ಜೊತೆಗೇ ಮುದ್ರಿಸುವುದಾಗಿ ಹೇಳಿದರು. ಕಾಯಿಲೆಯಿಂದ ಕೂದಲು ಉದುರಿದ ತಾಯಿಯ ಪಕ್ಕ ಕೂತು ಈ ಕಥೆ ಓದುವ ಮಗುವಿಗೆ ಆ ಸಾಲು ಬೇಕು. ಆದರೆ ಅದನ್ನು ಪುಸ್ತಕವೇ ಹೇಳಬೇಕೋ, ತಾಯಿ ಹೇಳಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹಳೆಯ ಸಿನಿಮಾದ ಬಗ್ಗೆ ನೋಡುಗರು ಹೇಳುವ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಮುಖವಾಡದ ವಿಷಯವಲ್ಲ, ಅಜ್ಜಿ ಹೇಳುವ ಎರಿಕಾ ಎಂಬ ಹುಡುಗಿಯ ಕಥೆ. ಅವಳು ಹಾಲು ತರಲು ಹೋದವಳು, ಮನೆಗೆ ಬರುವುದೇ ಇಲ್ಲ. ಒಂದು ದಿನ ಮನೆಯ ಗೋಡೆಯ ಮೇಲಿನ ಚಿತ್ರದೊಳಗೆ ಕಾಣಿಸುತ್ತಾಳೆ. ತಂದೆ ಎಷ್ಟು ಮುಟ್ಟಿದರೂ ಅದು ಬರೀ ಬಣ್ಣ. ವರ್ಷಗಳು ಉರುಳಿದ ಹಾಗೆ ಚಿತ್ರದೊಳಗಿನ ಹುಡುಗಿ ದೊಡ್ಡವಳಾಗುತ್ತಾಳೆ, ಮುದುಕಿಯಾಗುತ್ತಾಳೆ, ಆಮೇಲೆ ಒಂದು ದಿನ ಅಲ್ಲಿ ಇರುವುದಿಲ್ಲ. ಮೂಗಿಲ್ಲ, ಉಗುರಿಲ್ಲ, ಕಿರುಚಾಟವಿಲ್ಲ. ಅಜ್ಜಿ ಶಾಂತವಾಗಿ ಹೇಳುತ್ತಾಳೆ, ಮೊಮ್ಮಗ ಪಕ್ಕದಲ್ಲಿ ಕೂತು ಕೇಳುತ್ತಾನೆ.